ದ್ವಾರಕನಾಥರ ಶಿಫಾರಸು

ಜರ್ಮನಿಯ ಸ್ಟುಟ್‌ಗಾರ್ಟ್ ಸುತ್ತಮುತ್ತಲಿನ ಕನ್ನಡಿಗರು ಊಟಕ್ಕೆ ಹೊರಗೆ ಹೋಗುವ ಮೊದಲು ದ್ವಾರಕನಾಥರನ್ನು ಕೇಳುತ್ತಿದ್ದರು. ಗೂಗಲ್‌ನಲ್ಲಿ ನಕ್ಷತ್ರ ನೋಡುವುದೆಲ್ಲ ಆಮೇಲೆ. ಅತ್ತೆ ಮಾವ ಬಂದಿದ್ದಾರೆ, ಈರುಳ್ಳಿ ಮುಟ್ಟುವುದಿಲ್ಲ, ಎಲ್ಲಿಗೆ ಕರೆದುಕೊಂಡು ಹೋಗಲಿ? ಬಾಸ್‌ಗೆ ಊಟ ಹಾಕಿಸಬೇಕು, ಖಾರ ತಿನ್ನುತ್ತೇನೆ ಅನ್ನುತ್ತಾನೆ, ತಿನ್ನುವುದಿಲ್ಲ, ಯಾವ ಹೋಟೆಲು? ಇಂಥ ಪ್ರಶ್ನೆ ಕನ್ನಡ ಸಂಘದ ವಾಟ್ಸಪ್ ಗುಂಪಿಗೆ ಬಿದ್ದ ಸ್ವಲ್ಪ ಹೊತ್ತಿಗೆಲ್ಲ ಅವರ ಉತ್ತರ ಬರುತ್ತಿತ್ತು. ಹೋಟೆಲಿನ ಹೆಸರು, ಇಳಿಯಬೇಕಾದ ಎಸ್-ಬಾನ್ ರೈಲಿನ ನಿಲ್ದಾಣ, ರಜೆಯ ವಾರ, ಕಾರ್ಡು ನಡೆಯುತ್ತದೋ ಇಲ್ಲವೋ, ಯಾವ ಮೇಜಿಗೆ ಟಾಯ್ಲೆಟ್ಟಿನ ಕಡೆಯ ಗಾಳಿ ಬೀಸುತ್ತದೆ ಎಂಬುದೆಲ್ಲ ಅದರಲ್ಲಿರುತ್ತಿತ್ತು.

ದ್ವಾರಕನಾಥರು ಫೊಯರ್‌ಬಾಕಿನ ಒಂದು ಕಾರ್ಖಾನೆಯಲ್ಲಿ ಪಂಪುಗಳ ಬಾಳಿಕೆ ಪರೀಕ್ಷಿಸುವ ಎಂಜಿನಿಯರ್. ಹೋಟೆಲುಗಳನ್ನೂ ಅದೇ ಶಿಸ್ತಿನಿಂದ ಪರೀಕ್ಷಿಸುತ್ತಿದ್ದರು. ಬೇರೆ ಬೇರೆ ದಿನ ಹೋಗಿ, ಒಂದೇ ತಿಂಡಿ ತರಿಸಿ, ಪ್ರತಿಸಲವೂ ಒಂದೇ ರುಚಿ ಇದ್ದರೆ ಮಾತ್ರ ಶಿಫಾರಸು. ಅವರು ಸಸ್ಯಾಹಾರಿ. ಈ ಸೀಮೆಯ ಆಲೂಗಡ್ಡೆ ಸಲಾಡ್‌ಗೆ ಮಾಂಸ ಬೇಯಿಸಿದ ನೀರು ಹಾಕುತ್ತಾರೆ ಎಂಬುದನ್ನು ಗುಂಪಿನಲ್ಲಿ ಮೊದಲು ತಿಳಿಸಿದವರು ಅವರೇ. ಅದು ಗೊತ್ತಾಗುವ ಮೊದಲು ತಾವು ಅದನ್ನು ಎಷ್ಟು ವರ್ಷ ಬಡಿಸಿಕೊಂಡು ತಿಂದಿದ್ದರು ಎಂಬುದನ್ನು ತಿಳಿಸಿರಲಿಲ್ಲ.

ಆ ವರ್ಷ ಚಳಿಗಾಲದ ಕೊನೆಗೆ ಅವರಿಗೆ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ತೆಗೆದುಕೊಂಡು ಹೋಯಿತು. ಹೆಂಡತಿ ಲಾವಣ್ಯಾ ಹಾಕಿದ ಒಗ್ಗರಣೆ ಚಟಪಟ ಅಂದದ್ದು ಕೇಳಿಸಿತು, ವಾಸನೆ ಬರಲಿಲ್ಲ. ಸಾರು ಬಿಸಿಯಾಗಿದೆ ಎಂದು ಗೊತ್ತಾಯಿತು, ಸಾರು ಎಂದು ಗೊತ್ತಾಗಲಿಲ್ಲ. ಲಾವಣ್ಯಾ ಇಂಗಿನ ಡಬ್ಬಿ ತಂದು ಮೂಗಿನ ಕೆಳಗೆ ಹಿಡಿದಳು.

"ಏನಾದ್ರೂ ಬಂತಾ?"

"ಡಬ್ಬಿ ಬಂತು" ಎಂದರು ದ್ವಾರಕನಾಥರು.

ಡಾಕ್ಟರು ಮೂಗಿನೊಳಗೆ ದೀಪ ಬಿಟ್ಟು ನೋಡಿ, ಬರಬಹುದು, ಬರದೆಯೂ ಇರಬಹುದು, ಕಾಯಬೇಕು ಎಂದರು. ದ್ವಾರಕನಾಥರು ಕಾಯತೊಡಗಿದರು. ಮನೆಯ ಹೊರಗೆ ಯಾರಿಗೂ ಹೇಳಲಿಲ್ಲ. ಗುಂಪಿನಲ್ಲಿ ಪ್ರಶ್ನೆಗಳು ಬರುತ್ತಲೇ ಇದ್ದವು, ಅವರು ನೆನಪಿನಿಂದ ಉತ್ತರ ಕೊಡುತ್ತಲೇ ಇದ್ದರು.

ಅದೇ ಕಾರ್ಖಾನೆಯ ಹುಡುಗ ಪೃಥ್ವಿ ಮದುವೆಯ ವಾರ್ಷಿಕೋತ್ಸವಕ್ಕೆ ಎಲ್ಲಿಗೆ ಹೋಗಲಿ ಎಂದು ಕೇಳಿದಾಗ, ಎಸ್ಲಿಂಗನ್ನಿನ ಒಂದು ದೋಸೆ ಹೋಟೆಲಿನ ಹೆಸರು ಹೇಳಿದರು. ಪೃಥ್ವಿ ಹೋಗಿ ಬಂದು ಗುಂಪಿನಲ್ಲಿ ಬರೆದ: "ಸೂಪರ್ ಸಾರ್, ಎಂದಿನಂತೆ." ಕೆಳಗೆ ಹಲವಾರು ಹೆಬ್ಬೆರಳುಗಳು.

ಮುಂದಿನ ಭಾನುವಾರ ದ್ವಾರಕನಾಥರು ಹೆಂಡತಿ, ಮಗಳ ಜೊತೆ ಅದೇ ಹೋಟೆಲಿಗೆ ಹೋದರು. ಮಗಳು ನಿಶ್ಚಿತಾಗೆ ಹದಿನಾಲ್ಕು ವರ್ಷ; ಹುಟ್ಟಿದ್ದು ಇಲ್ಲೇ. ಕನ್ನಡ ಅರ್ಥವಾಗುತ್ತಿತ್ತು, ಆದರೆ ಉತ್ತರ ಬರುತ್ತಿದ್ದುದು ಜರ್ಮನ್‌ನಲ್ಲಿ. ಅವಳು ದೋಸೆಯ ಅಂಚು ಮುರಿದು ಬಾಯಿಗಿಟ್ಟು, "ಪಪ್ಪೆ" ಎಂದಳು.

"ಅಪ್ಪನ್ನ ಕರೀತಿದ್ಯಾ?" ಎಂದು ಲಾವಣ್ಯಾ ಕೇಳಿದಳು.

ಕರೆಯುತ್ತಿರಲಿಲ್ಲ. ಪಪ್ಪೆ ಎಂದರೆ ಜರ್ಮನ್‌ನಲ್ಲಿ ರಟ್ಟು. ದೋಸೆ ನೆನೆದ ರಟ್ಟಿನ ಹಾಗಿದೆ ಎಂದು ಅವಳ ಅಭಿಪ್ರಾಯ. ಲಾವಣ್ಯಾಳೂ ಚಟ್ನಿ ಹಳಸಿದೆ ಎಂದಳು. ವಿಚಾರಿಸಿದರೆ, ಹೋಟೆಲು ಹೊಸ ವರ್ಷಕ್ಕೆ ಮುಂಚೆಯೇ ಬೇರೆಯವರ ಕೈಗೆ ಹೋಗಿತ್ತು. ಹಳೆಯ ಭಟ್ಟರು ಬಾನ್ ನಗರಕ್ಕೆ ಹೊರಟುಹೋಗಿದ್ದರು.

ಸೋಮವಾರ ಕ್ಯಾಂಟೀನಿನಲ್ಲಿ ದ್ವಾರಕನಾಥರು ಪೃಥ್ವಿಯ ಎದುರು ತಟ್ಟೆ ಇಟ್ಟು ಕೂತರು.

"ಪೃಥ್ವಿ, ನಿಜ ಹೇಳಿ. ಆ ದೋಸೆ ಹೇಗಿತ್ತು?"

ಪೃಥ್ವಿ ಚಮಚ ಕೆಳಗಿಟ್ಟ. "ಸಾರ್... ಚೆನ್ನಾಗಿರ್ಲಿಲ್ಲ."

"ಮತ್ತೆ ಸೂಪರ್ ಅಂತ ಬರೆದ್ರಲ್ಲ?"

"ನೀವು ಹೇಳಿದ್ಮೇಲೆ ಚೆನ್ನಾಗೇ ಇರುತ್ತೆ ಅಲ್ವಾ ಸಾರ್. ನಮ್ಮ ನಾಲಿಗೆದೇ ಏನೋ ಪ್ರಾಬ್ಲಮ್ ಇರ್ಬೇಕು ಅಂದ್ಕೊಂಡ್ವಿ. ನನ್ನ ವೈಫ್ ಎರಡು ಸಲ ನೀರು ಕುಡಿದು ಮತ್ತೆ ಟ್ರೈ ಮಾಡಿದ್ಲು."

ದ್ವಾರಕನಾಥರಿಗೆ ಅಂದು ಊಟ ಸೇರಲಿಲ್ಲ. ಹೇಗೂ ಸೇರುತ್ತಿರಲಿಲ್ಲ, ಅಂದು ಕಾರಣ ಬೇರೆ. ಇಷ್ಟು ವರ್ಷ ಬಂದ ಹೆಬ್ಬೆರಳುಗಳಲ್ಲಿ ಎಷ್ಟು ರುಚಿಗೆ, ಎಷ್ಟು ತಮಗೆ ಎಂದು ಅವರು ಯೋಚಿಸುತ್ತ ಕೂತರು.

ಅಷ್ಟರಲ್ಲಿ ಯುಗಾದಿ ಹತ್ತಿರ ಬಂತು. ಸಂಘದ ಅಧ್ಯಕ್ಷ ಸುನಿಲಕುಮಾರ ಫೋನ್ ಮಾಡಿದ.

"ಸಾರ್, ಈ ಸಲ ಹಾಲ್ ಸಿಕ್ಕಿಲ್ಲ. ಹೋಟೆಲಲ್ಲೇ ಹಬ್ಬದೂಟ. ಫೊಯರ್‌ಬಾಕಲ್ಲಿ ಸ್ಯಾವಿಯೊ ಅಂತ ಮಂಗಳೂರಿನವರು ಹೊಸದಾಗಿ ಓಪನ್ ಮಾಡಿದ್ದಾರೆ. ನಮ್ಮ ಅತ್ತೆ ವಿಜಯಮ್ಮನವರೂ ಮಂಡ್ಯದಿಂದ ಬಂದಿದ್ದಾರೆ, ಅವರಿಗೆ ಊಟ ಸರಿ ಇಲ್ಲ ಅಂದ್ರೆ ಬಾಯಿಗೆ ಬಂದಂಗೆ ಅಂತಾರೆ. ನೀವು ಒಂದ್ಸಲ ರುಚಿ ನೋಡಿ ಹೂಂ ಅಂದ್ರೆ ಬುಕ್ ಮಾಡ್ತೀನಿ."

ನನಗೆ ರುಚಿ ಗೊತ್ತಾಗುತ್ತಿಲ್ಲ ಎನ್ನಲು ದ್ವಾರಕನಾಥರು ಬಾಯಿ ತೆರೆದರು. "ಆಯ್ತು" ಎಂದರು.

ಶನಿವಾರ ಮಗಳನ್ನು ಕರೆದುಕೊಂಡು ಹೋದರು. ದಾರಿಯಲ್ಲಿ ಒಪ್ಪಂದವಾಯಿತು. ನಿಶ್ಚಿತಾ ತಿಂದು ಹೇಳಬೇಕು, ಅವರು ಅದನ್ನು ತಮ್ಮ ಅಭಿಪ್ರಾಯವಾಗಿ ಗಾಂಭೀರ್ಯದಿಂದ ತಿಳಿಸಬೇಕು. ಮಾಲೀಕ ಕನ್ನಡದವನಾದ್ದರಿಂದ ಗುಟ್ಟು ಉಳಿಯಲು ಅವಳು ಜರ್ಮನ್‌ನಲ್ಲೇ ಹೇಳಬೇಕು. ಜರ್ಮನಿಯಲ್ಲಿ ಹೋಟೆಲು ನಡೆಸುವವನಿಗೆ ಜರ್ಮನ್ ಬರುತ್ತದೆ ಎಂಬ ಸಂಗತಿ ಇಬ್ಬರಿಗೂ ಹೊಳೆಯಲಿಲ್ಲ.

ಹೋಟೆಲು ನಿಲ್ದಾಣದಿಂದ ದೂರವಿರಲಿಲ್ಲ. ಮಧ್ಯಾಹ್ನದ ಹೊತ್ತು, ಇವರನ್ನು ಬಿಟ್ಟರೆ ಕಿಟಕಿಯ ಬಳಿ ಒಬ್ಬ ಮುದುಕ ಜರ್ಮನ್ ಬಿಯರ್ ಕುಡಿಯುತ್ತ ಪೇಪರ್ ಓದುತ್ತಿದ್ದ. ಸ್ಯಾವಿಯೊ ಸುಮಾರು ನಲವತ್ತರವನು, ಅಗಲ ಮುಖ, ತೋಳಿಗೆ ಸುಟ್ಟ ಗಾಯದ ಪಟ್ಟಿ. ದ್ವಾರಕನಾಥರು ಯಾರೆಂದು ಅವನಿಗೆ ಗೊತ್ತಿತ್ತು. ಮೇಜು ಒರೆಸಿದ, ಮತ್ತೆ ಒರೆಸಿದ, ಸಾಂಬಾರು, ಪನೀರ್ ಬಟರ್ ಮಸಾಲೆ, ಪಲಾವು ತಂದಿಟ್ಟು, ಕೈ ಕಟ್ಟಿ ಗಲ್ಲಾಪೆಟ್ಟಿಗೆಯ ಹತ್ತಿರ ನಿಂತ.

ನಿಶ್ಚಿತಾ ಸಾಂಬಾರನ್ನು ಬಾಯಿಗಿಟ್ಟಳು. ಜರ್ಮನ್‌ನಲ್ಲಿ ಶಾಂತವಾಗಿ, ಇದು ಬಿಸಿ ಪುಡಿಂಗ್, ಯಾರೋ ಇದರಲ್ಲಿ ತರಕಾರಿ ಬೀಳಿಸಿದ್ದಾರೆ ಎಂದಳು. ಪನೀರು ರಬ್ಬರು, ಗ್ರೇವಿ ಟೊಮೆಟೊ ಕೆಚಪ್ಪು. ಪಲಾವಿಗೆ ಯಾವ ರುಚಿಯೂ ಇಲ್ಲ, ಆದ್ದರಿಂದ ಮೂರರಲ್ಲಿ ಅದೇ ವಾಸಿ.

ದ್ವಾರಕನಾಥರು ತಲೆದೂಗಿ, ಗಂಟಲು ಸರಿಮಾಡಿಕೊಂಡು, ಸ್ಯಾವಿಯೊ ಕಡೆ ತಿರುಗಿದರು. "ಪಲಾವು..."

"ಕೇಳ್ತು ಸಾರ್" ಎಂದ ಸ್ಯಾವಿಯೊ.

ಕಿಟಕಿಯ ಮುದುಕ ಪೇಪರಿನ ಪುಟ ತಿರುಗಿಸಿದ.

ಸ್ಯಾವಿಯೊ ಒಂದು ಕುರ್ಚಿ ಎಳೆದು ಅವರ ಮೇಜಿಗೇ ಬಂದು ಕೂತ. ಸಿಟ್ಟಾದಂತೆ ಕಾಣಲಿಲ್ಲ. "ಎಂತ ಮಾಡುದು ಮಾರಾಯ್ರೆ. ಬಂದವರೆಲ್ಲ ಸೂಪರ್ ಸೂಪರ್ ಅಂತಾರೆ. ಇನ್ನೊಂದ್ಸಲ ಬರುದಿಲ್ಲ. ಸರಿ ಇಲ್ಲ ಅಂತ ಒಬ್ರಾದ್ರೂ ಹೇಳ್ಬೇಕಲ್ಲ? ಇವತ್ತು ಈ ಹುಡುಗಿ ಹೇಳಿದ್ಲು. ಈಗ ನೀವು ಹೇಳಿ ಸಾರ್. ನಿಮ್ಮ ಬಾಯಿಯಿಂದಲೇ ಕೇಳ್ಬೇಕು."

ದ್ವಾರಕನಾಥರು ಸಾಂಬಾರಿನ ಬಟ್ಟಲನ್ನು ನೋಡಿದರು. ಬಣ್ಣ ಚೆನ್ನಾಗಿತ್ತು.

"ನನಗೆ ರುಚಿ ಗೊತ್ತಾಗಲ್ಲ" ಎಂದರು. "ಜ್ವರ ಬಂದ್ಮೇಲೆ ಹೋಗಿದೆ. ವಾಸನೇನೂ ಇಲ್ಲ. ಅದಕ್ಕೇ ಇವಳನ್ನ ಕರ್ಕೊಂಡು ಬಂದೆ."

ಸ್ಯಾವಿಯೊ ಸಾಂಬಾರಿನ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡ. ನಂತರ, ಅಡುಗೆಯವನೊಬ್ಬ ಇದ್ದ, ಮೊದಲ ತಿಂಗಳೇ ಬಿಟ್ಟುಹೋದ, ಈಗ ತಾನೇ ಮಾಡುತ್ತಿದ್ದೇನೆ ಎಂದ. ಪನೀರು, ಸಾಂಬಾರು ತನ್ನ ಅಡುಗೆಯಲ್ಲ. ಇಂಡಿಯನ್ ಹೋಟೆಲೆಂದರೆ ಜನ ಕೇಳುವುದು ಅದನ್ನೇ ಎಂದು ವಿಡಿಯೊ ನೋಡಿ ಮಾಡುವುದು.

ಇವರು ಮಾತಾಡುತ್ತಿದ್ದಂತೆ ನಿಶ್ಚಿತಾ ಕೈ ತೊಳೆಯಲು ಎದ್ದುಹೋದವಳು ತಿರುಗಿ ಬರಲಿಲ್ಲ. ಹುಡುಕಿದರೆ ಅಡುಗೆಮನೆಯಲ್ಲಿ ನಿಂತಿದ್ದಳು. ಸ್ಯಾವಿಯೊ ತನ್ನ ಊಟಕ್ಕೆಂದು ಮುಚ್ಚಿಟ್ಟುಕೊಂಡಿದ್ದ ಕುಚ್ಚಲಕ್ಕಿ ಗಂಜಿಯ ಪಾತ್ರೆ ತೆರೆದಿತ್ತು. ಪಕ್ಕದ ಬಟ್ಟಲಿನ ಕೆಂಪು ಚಟ್ನಿ ಅರ್ಧ ಖಾಲಿಯಾಗಿತ್ತು, ಸ್ವಲ್ಪ ಇನ್ನೂ ಅವಳ ಬೆರಳಿನಲ್ಲಿತ್ತು.

"ಅಪ್ಪ, ದಾಸ್ ಇಸ್ಟ್ ಗೂಟ್, ಚೆನ್ನಾಗಿದೆ" ಎಂದಳು. ಕಣ್ಣಲ್ಲಿ ಖಾರದ ನೀರು. "ಪಾತ್ರೆ ತೆಗೆದು ನೋಡ್ದೆ. ಸಾರಿ. ಆದ್ರೆ ಇದು ತುಂಬಾ ಗೂಟ್."

ಸ್ಯಾವಿಯೊ ಬಾಗಿಲಲ್ಲೇ ನಿಂತುಬಿಟ್ಟ. ದ್ವಾರಕನಾಥರ ಮುಖ ನೋಡಿದ, ಚಟ್ನಿ ನೋಡಿದ, ಮತ್ತೆ ಮುಖ ನೋಡಿದ.

"ಸಾರ್, ಅದು... ಒಣಸಿಗಡಿ ಚಟ್ನಿ."

ಸಾಮಾನ್ಯ ಮೂಗಿದ್ದ ಯಾರಿಗಾದರೂ ಅದು ಬಾಗಿಲಿನ ಆಚೆಯೇ ತಿಳಿಯುತ್ತಿತ್ತು. ದ್ವಾರಕನಾಥರಿಗೆ ಸ್ಯಾವಿಯೊ ಹೇಳಿದ ಮೇಲೆಯೇ ತಿಳಿದದ್ದು. ಅವರು ಮಗಳನ್ನು ನೋಡಿದರು. ಅವಳು ಬೆರಳು ನೆಕ್ಕುವುದನ್ನು ನಿಲ್ಲಿಸಿದಳು, ಆದರೆ ಕೈ ತೊಳೆಯಲಿಲ್ಲ. ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಅವರ ತಲೆಯಲ್ಲಿ ಅವರ ತಾಯಿ, ಅಜ್ಜಿ, ಅಗ್ರಹಾರದ ಬೀದಿ, ಒಂದಾದ ಮೇಲೊಂದು ಬಂದು ನಿಂತು ಉತ್ತರಕ್ಕೆ ಕಾದವು.

"ಉಪ್ಪು ಸರಿಯಾಗಿದ್ಯಾ?" ಎಂದು ಅವರು ಕೇಳಿದರು.

"ಪರ್ಫೆಕ್ಟ್" ಎಂದಳು ನಿಶ್ಚಿತಾ.

ಸ್ಯಾವಿಯೊ ಉಸಿರು ಬಿಟ್ಟ. ನಿಶ್ಚಿತಾ ಅವನ ಕಡೆ ತಿರುಗಿ, ಇಷ್ಟು ಚೆನ್ನಾಗಿ ಮಾಡಲು ಬರುವಾಗ ಹೊರಗೆ ಆ ಕೆಟ್ಟದ್ದನ್ನು ಏಕೆ ಬಡಿಸುತ್ತೀರಿ ಎಂದು ಜರ್ಮನ್‌ನಲ್ಲಿ ಕೇಳಿದಳು. ಅವನು ಕನ್ನಡದಲ್ಲಿ, ಸಂಘದವರಿಗೆ ಸಸ್ಯಾಹಾರ ಬೇಕಲ್ಲ ಎಂದ.

"ನಿಮ್ಮ ಮನೇಲಿ ಯಾವತ್ತೂ ಬರೀ ತರಕಾರಿ ಅಡುಗೆ ಮಾಡಲ್ವಾ?" ದ್ವಾರಕನಾಥರು ಕೇಳಿದರು.

"ಮಾಡ್ತೇವೆ. ಮೊಂತಿ ಹಬ್ಬಕ್ಕೆ. ಮಾತೆ ಮರಿಯಮ್ಮನ ಹುಟ್ಟಿದ ದಿನ. ಆವತ್ತು ಮೀನಿಲ್ಲ, ಮಾಂಸ ಇಲ್ಲ. ಹೊಸ ಅಕ್ಕಿ, ಬಾಳೆ ಎಲೆ, ಅಲಸಂಡೆ, ಹೀರೇಕಾಯಿ, ಕೆಸುವಿನ ದಂಟು. ಅಮ್ಮ ಬೆಳಿಗ್ಗೆ ಬೇಗ ಎದ್ದು ತೆಂಗಿನಕಾಯಿ ತುರಿಲಿಕ್ಕೆ ಕೂತ್ರೆ ನಾವೆಲ್ಲ ಸುತ್ತ ಕೂತು..." ಅವನು ನಿಲ್ಲಿಸಿದ. "ಆದ್ರೆ ಯುಗಾದಿಗೆ ಅದನ್ನು ಯಾರು ತಿಂತಾರೆ ಸಾರ್?"

"ಬರುವ ಶನಿವಾರ ಮಾಡಿ. ಇವಳು ತಿಂತಾಳೆ. ಆಮೇಲೆ ಹೇಳ್ತೀನಿ."

ಮನೆಗೆ ಹೋಗುವ ದಾರಿಯಲ್ಲಿ ಅಪ್ಪ ಮಗಳು ನಿಲ್ದಾಣದ ಕಡೆ ನಡೆದರು.

"ಮೊದಲನೇ ಸಲಾನಾ?" ಎಂದು ದ್ವಾರಕನಾಥರು ಕೇಳಿದರು.

"ಸಿಗಡಿ ಮೊದಲನೇ ಸಲ." ನಿಶ್ಚಿತಾ ಈ ಸಲ ಪೂರ್ತಿ ಕನ್ನಡದಲ್ಲೇ ಹೇಳಿದಳು. "ಬೇರೆದೆಲ್ಲ ಸ್ಕೂಲಲ್ಲಿ. ಐದನೇ ಕ್ಲಾಸಿಂದ. ನಿಂಗೆ ಬೇಜಾರಾ?"

ಅವರು ಯೋಚಿಸಿದರು. ಬೇಜಾರಾಗಿತ್ತು. ಅದು ಅವಳು ತಿಂದದ್ದಕ್ಕೋ, ಇಷ್ಟು ವರ್ಷ ಎದುರಿಗೆ ಕೂತು ಉಂಡರೂ ತಮಗೆ ಗೊತ್ತಾಗದೆ ಹೋದದ್ದಕ್ಕೋ ಎಂದು ಬಿಡಿಸಿ ಹೇಳಲು ಬರಲಿಲ್ಲ.

"ಸ್ವಲ್ಪ" ಎಂದರು. "ಅಮ್ಮನಿಗೆ ನೀನೇ ಹೇಳು. ನಾನು ಪಕ್ಕದಲ್ಲಿ ಕೂತಿರ್ತೀನಿ."

ಹೇಳಿದ್ದಾಯಿತು. ಲಾವಣ್ಯಾ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಮಗಳಿಗೆ ಬೇರೆ ತಟ್ಟೆ ತಂದಿಟ್ಟಳು, ವಾರದ ಕೊನೆಗೆ ತಟ್ಟೆಗಳು ಒಂದೇ ಸಿಂಕಿಗೆ ಬಿದ್ದವು.

ಮುಂದಿನ ಶನಿವಾರ ಸ್ಯಾವಿಯೊನ ಅಡುಗೆ ತಿಂದು ನಿಶ್ಚಿತಾ ಏನೂ ಹೇಳಲಿಲ್ಲ. ಇನ್ನೊಂದು ಸಲ ಬಡಿಸಿಕೊಂಡಳು. ಆ ಸಂಜೆ ದ್ವಾರಕನಾಥರು ಗುಂಪಿನಲ್ಲಿ ಬರೆದರು: "ಜ್ವರದ ನಂತರ ನನಗೆ ವಾಸನೆ, ರುಚಿ ಎರಡೂ ಇಲ್ಲ. ಅಂದಿನಿಂದ ಕೊಟ್ಟ ಶಿಫಾರಸುಗಳನ್ನು ಹಿಂತೆಗೆದುಕೊಂಡಿದ್ದೇನೆ. ಎಸ್ಲಿಂಗನ್ನಿನ ದೋಸೆ ತಿನ್ನಬೇಡಿ. ಸ್ಯಾವಿಯೊ ಅವರ ಪನೀರು ತಿನ್ನಬೇಡಿ. ಇದನ್ನು ಅವರಿಗೂ ತಿಳಿಸಿದ್ದೇನೆ. ಅವರ ಮನೆಯ ಹಬ್ಬದ ಅಡುಗೆ ತಿನ್ನಿ. ನನ್ನ ಮಗಳು ಎರಡು ಸಲ ಬಡಿಸಿಕೊಂಡಿದ್ದಾಳೆ. ಸೋಮವಾರ ರಜೆ."

ಮೊದಲು ಪೃಥ್ವಿ ಬರೆದ, ದೋಸೆ ನಿಜಕ್ಕೂ ಕೆಟ್ಟದಾಗಿತ್ತು ಎಂದು. ಅಲ್ಲಿಂದ ಕಟ್ಟೆ ಒಡೆಯಿತು. ಲುಡ್ವಿಗ್ಸ್‌ಬುರ್ಗಿನ ಥಾಯ್ ಹೋಟೆಲು ಜ್ವರಕ್ಕೆ ಮುಂಚೆಯೂ ತಮಗೆ ಹಿಡಿಸಿರಲಿಲ್ಲ ಎಂದು ಒಬ್ಬರು, ಬೋಬ್ಲಿಂಗನ್ನಿನ ಪಿಜ್ಜಾ ಬಗ್ಗೆ ಇನ್ನೊಬ್ಬರು. ಸಂಘದ ಹೋದ ವರ್ಷದ ನಾಟಕವೂ ಚೆನ್ನಾಗಿರಲಿಲ್ಲ ಎಂದು ಯಾರೋ ಬರೆದಾಗ ಸುನಿಲಕುಮಾರ, ದಯವಿಟ್ಟು ಊಟದ ವಿಷಯ ಮಾತ್ರ ಎಂದು ಮಧ್ಯೆ ಬರಬೇಕಾಯಿತು. ದ್ವಾರಕನಾಥರು ಎಲ್ಲವನ್ನೂ ಓದಿದರು. ಥಾಯ್ ಹೋಟೆಲಿನ ವಿಷಯ ಸ್ವಲ್ಪ ಚುಚ್ಚಿತು.

ಯುಗಾದಿಯ ಊಟ ಸ್ಯಾವಿಯೊನ ಹೋಟೆಲಿನಲ್ಲೇ ನಡೆಯಿತು. ಶ್ರೀಲಂಕಾ ತಮಿಳರ ಅಂಗಡಿಯಿಂದ ಅವನು ಬಾಳೆ ಎಲೆ, ಅಲಸಂಡೆ, ಕೆಸುವಿನ ದಂಟು ತಂದಿದ್ದ. ಬೇವು ಬೆಲ್ಲ ಲಾವಣ್ಯಾ ಮಾಡಿಕೊಂಡು ಬಂದಿದ್ದಳು. ಮೊದಲ ಪಂಕ್ತಿಯಲ್ಲಿ ವಿಜಯಮ್ಮ ಕೂತರು. ಸುನಿಲಕುಮಾರ ಅವರ ಹಿಂದೆಯೇ ನಿಂತ. ಅವರು ಪ್ರತಿಯೊಂದನ್ನೂ ಚೂರುಚೂರು ತಿಂದು, ಸ್ಯಾವಿಯೊನನ್ನು ಬೆರಳಿನಿಂದ ಕರೆದರು.

"ಕಾಯಿ ಜಾಸ್ತಿ ಕಣಪ್ಪ. ನಮ್ ಕಡೆ ಇಷ್ಟು ಹಾಕಲ್ಲ."

"ನಮ್ಮ ಕಡೆ ಇದು ಕಮ್ಮಿ ಅಮ್ಮ."

"ಹೌದಾ? ಹಂಗಾದ್ರೆ ಇನ್ನೊಂಚೂರು ಆ ದಂಟಿನ ಪಲ್ಯ ಹಾಕು. ಪಾಯಸ ಮಾತ್ರ ಬ್ಯಾಡ, ತೆಳ್ಳಗದೆ."

ಸ್ಯಾವಿಯೊ ಬಗ್ಗಿ ಬಡಿಸಿದ. ಅವನ ಮುಖದಲ್ಲಿ ಆ ತಿಂಗಳು ಯಾರೂ ಕಾಣದ ನಗು ಇತ್ತು. ಇನ್ನೊಂದು ತುದಿಯಲ್ಲಿ ನಿಶ್ಚಿತಾ ಯಾರದೋ ಮಕ್ಕಳಿಗೆ ಬೇವಿನ ಬಗ್ಗೆ ಜರ್ಮನ್‌ನಲ್ಲಿ ಎಚ್ಚರಿಕೆ ಕೊಡುತ್ತಿದ್ದಳು.

ದ್ವಾರಕನಾಥರು ಎಲ್ಲವನ್ನೂ ಉಂಡರು. ಬಿಸಿ, ಮೆತ್ತಗೆ, ಗರಿಗರಿ ಎಂಬಷ್ಟು ತಿಳಿಯಿತು. ಊಟವಾದ ಮೇಲೆ ಸ್ಯಾವಿಯೊ ಫಿಲ್ಟರ್ ಕಾಫಿ ತಂದುಕೊಟ್ಟ. ಲೋಟ ಬಾಯಿಯ ಹತ್ತಿರ ತಂದವರು ತಟ್ಟನೆ ಕೈ ತಡೆದರು. ಲೋಟವನ್ನು ದೂರ ಹಿಡಿದು, ಮತ್ತೆ ಹತ್ತಿರ ತಂದರು. ಸಂಶಯವೇ ಇರಲಿಲ್ಲ. ಕಾರ್ಖಾನೆಯಲ್ಲಿ ಮೋಟರು ಸುಟ್ಟಾಗ ಬರುವಂಥ, ಕರಕಲು ವೈರಿನ ವಾಸನೆ.

"ಏನ್ರೀ?" ಎಂದಳು ಲಾವಣ್ಯಾ.

"ಕಾಫಿ ಹೇಗಿದೆ?"

ಅವಳು ತನ್ನ ಲೋಟದಿಂದ ಒಂದು ಗುಟುಕು ಕುಡಿದಳು. "ಚೆನ್ನಾಗೇ ಇದೆಯಲ್ಲ."

"ನನಗೆ ಅಸಹ್ಯವಾಗಿದೆ" ಎಂದರು ದ್ವಾರಕನಾಥರು. "ವಾಂತಿ ಬರೋ ಹಾಗಿದೆ."

ಮೂಗು ವಾಪಸು ಬರುವಾಗ ಮೊದಮೊದಲು ಹೀಗೆ ತಪ್ಪು ವಾಸನೆಗಳೇ ಬರುತ್ತವೆ, ಅದು ಒಳ್ಳೆಯ ಲಕ್ಷಣ ಎಂದು ಡಾಕ್ಟರು ಆಮೇಲೆ ಹೇಳಿದರು. ಆ ಹೊತ್ತಿಗೆ ಅವರಿಗೆ ಅದು ಗೊತ್ತಿರಲಿಲ್ಲ. ಆದರೂ ಅವರು ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಪೂರ್ತಿ ಕುಡಿದು, ಸ್ಯಾವಿಯೊನನ್ನು ಕರೆದು ಇನ್ನೊಂದು ಕೇಳಿದರು.