ಹೂ ಮುಡಿದ ವ್ಯಾನಿನ ಬ್ರೇಕು

ತಿತಿಕಾಕಾ ಸರೋವರದ ದಂಡೆಯ ಮೀನಿನವರಿಗೆಲ್ಲ ಒಂದೇ ಗೋಳು. ಬುಟ್ಟಿಯಿಂದ ನೀರು ಸೋರುತ್ತದೆಂದು ಬಸ್ಸಿನವರು ಹತ್ತಿಸುವುದಿಲ್ಲ. ಲಾರಿ ಬರುವಷ್ಟರಲ್ಲಿ ಮೀನು ನಾರತೊಡಗುತ್ತದೆ. ತೊಮಾಸಾ ಮತ್ತು ಅವಳ ಗಂಡ ಸಿಕ್ಸ್ತೊ ಇದರಿಂದ ರೋಸಿಹೋಗಿ, ಹಳೆಯದಾದರೂ ಸರಿ, ಒಂದು ಡೀಸೆಲ್ ವ್ಯಾನು ಕೊಳ್ಳೋಣವೆಂದು, ಹಳೆ ಗಾಡಿಗಳೂ ಮಾರಾಟಕ್ಕೆ ಬರುವ ಎಲ್ ಆಲ್ತೊ ಊರಿನ ಸಂತೆಗೆ ಬಂದರು. ಜೊತೆಗೆ ಕಾಸಿಮಿರಕ್ಕ. ಈ ದಂಪತಿಯ ಮಗಳಿಗೆ ಜ್ಞಾನಸ್ನಾನದ ಧರ್ಮತಾಯಿ, ಬಹಳ ವರ್ಷಗಳಿಂದ ವ್ಯಾನು ಓಡಿಸುವವಳು.

ಸಂತೆಯ ಬಾಗಿಲಲ್ಲೇ ಒಂದು ಬಿಳಿ ವ್ಯಾನು ಮದುವಣಗಿತ್ತಿಯಂತೆ ನಿಂತಿತ್ತು. ಮೂತಿಗೆ ಹೂಮಾಲೆ, ಚಕ್ರಕ್ಕೆ ಶುಭಕ್ಕೆಂದು ಬಿಯರ್ ಎರೆದ ಕಲೆ. ಕೊಪಕಬಾನದ ಮಾತೆಯ ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿ ತಂದದ್ದು. ಸಿಕ್ಸ್ತೊ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಇದೇ ಆಗ್ಲಿ. ಮಾತೆ ನೋಡ್ಕೊಳ್ತಾಳೆ."

ಕಾಸಿಮಿರಕ್ಕ ಬಾನೆಟ್ ಮೇಲೆ ಅಂಗೈ ಇಟ್ಟಳು. "ಊರೆಲ್ಲ ಚಳಿಗೆ ಮರಗಟ್ಟಿದೆ, ಇದು ಮಾತ್ರ ಬೆಚ್ಚಗಿದೆ. ಮುಂಚೆನೇ ಬಿಸಿ ಮಾಡಿಟ್ಟಿದಾರೆ. ಡೀಸೆಲ್ ಎಂಜಿನ್ ನಿಜ ಹೇಳೋದು ತಣ್ಣಗಿದ್ದಾಗ. ಆರಲಿ, ಕಾಯೋಣ."

"ಆಶೀರ್ವಾದ ಆಗಿರೋ ಗಾಡೀನ ಕೆದಕ್ತಾರಾ, ಅಕ್ಕಾ? ಮಾತೆ ಮೇಲೇ ಅನುಮಾನ ಪಟ್ಟಂಗಾಯ್ತು!" ಎಂದ ಸಿಕ್ಸ್ತೊ.

"ನಿನ್ನ ಮದುವೇನೂ ಇಗರ್ಜೀಲೇ ಆಯ್ತು. ಆದ್ರೂ ತೊಮಾಸಾ ಅಪ್ಪ ಮುಂಚೆ ನಿನ್ನ ವಿಷಯ ವಿಚಾರಿಸ್ಲಿಲ್ವಾ?"

"ವಿಚಾರಿಸಿದ್ದು ಸಾಲ್ದು ಅಂತ ಈಗ ಗೊತ್ತಾಗಿದೆ," ಎಂದಳು ತೊಮಾಸಾ.

ಮುಸುಕಿನ ಜೋಳದ ಬಿಸಿ ಆಪಿ ಕುಡಿಯುತ್ತ ಕಾದರು. ತಣಿದ ವ್ಯಾನು ಬಹಳ ಹೊತ್ತು ಕೆಮ್ಮಿ ಶುರುವಾಯಿತು. ನೀಲಿ ಹೊಗೆ ನಿಲ್ಲಲೇ ಇಲ್ಲ.

"ನೀಲಿ ಹೊಗೆ ಅಂದ್ರೆ ಒಳಗೆ ಆಯಿಲ್ ಸುಡ್ತಿದೆ. ಈಗ ಬ್ರೇಕ್ ಒತ್ತಿ ಹಿಡ್ಕೋ, ಬಿಡಬೇಡ," ಎಂದಳು ಕಾಸಿಮಿರಕ್ಕ, ಸೀಟಿನಲ್ಲಿ ಕೂತಿದ್ದ ಸಿಕ್ಸ್ತೊಗೆ.

ಒತ್ತಿ ಹಿಡಿದ ಪೆಡಲು ಕಾಲಡಿಯಲ್ಲಿ ಮೆಲ್ಲಗೆ ಇಳಿದು ತಳ ಮುಟ್ಟಿತು. ಸಿಕ್ಸ್ತೊಗೆ ಸರೋವರ ದಾಟುವ ತಿಕೀನಾದ ಕಡವು ನೆನಪಾಯಿತು. ಅಲ್ಲಿ ವ್ಯಾನು ಇಳಿಜಾರಲ್ಲಿ ಇಳಿದು ಮರದ ಬಾರ್ಜ್ ಹತ್ತಬೇಕು. ಬ್ರೇಕ್ ಕೈಕೊಟ್ಟರೆ ಮೀನು, ಹೆಂಡತಿ, ತಾನು, ಎಲ್ಲರೂ ಸರೋವರಕ್ಕೆ.

"ಆಶೀರ್ವಾದ ಆಗಿದೆಯಲ್ಲಮ್ಮಾ!" ಎಂದ ಮಾರುವವ.

"ಆಶೀರ್ವಾದ ಮಾತೆ ಕೆಲಸ. ಬ್ರೇಕ್ ಮಾಡಿಸೋದು ನಿನ್ನ ಕೆಲಸ," ಎಂದಳು ಕಾಸಿಮಿರಕ್ಕ.

ಸಂತೆಯ ಕೊನೆಯಲ್ಲಿ ಬ್ರೆಡ್ ಮಾರುವವನೊಬ್ಬನ ಬೂದು ವ್ಯಾನಿತ್ತು. ಪಕ್ಕ ನೆಗ್ಗಿದ್ದು, ಹೂವಿಲ್ಲದ್ದು, ಮುಟ್ಟಿದರೆ ಕೈ ಕೊರೆಯುವಷ್ಟು ತಣ್ಣಗಿದ್ದದ್ದು. ಕೀ ತಿರುಗಿಸಿದರೆ ಒಂದಿಷ್ಟು ಬಿಳಿ ಹೊಗೆ ಬಂದು ನಿಂತಿತು. ಪೆಡಲು ಜಗ್ಗಲಿಲ್ಲ. ಕಾಸಿಮಿರಕ್ಕ ಅಡಿಗೆ ನುಸುಳಿ ಚೌಕಟ್ಟನ್ನು ಸುತ್ತಿಗೆಯಿಂದ ತಟ್ಟಿ ತುಕ್ಕು ನೋಡಿದಳು, ಎಂಜಿನ್ ನಂಬರನ್ನು ಕಾಗದಪತ್ರಕ್ಕೆ ತಾಳೆ ಹಾಕಿದಳು.

"ಖಾಲಿ ಗಾಡಿ ಯಾವ ಗುಡ್ಡಾನಾದ್ರೂ ಹತ್ತುತ್ತೆ," ಎಂದು ಆಲೂಗೆಡ್ಡೆ ಮಾರುವ ಹೆಂಗಸರನ್ನು ಕೂಗಿದಳು. "ಬನ್ರೇ, ಮೂಟೆ ಸಮೇತ ಹತ್ತಿ!"

ನಗುತ್ತ ಎಲ್ಲರೂ ಹತ್ತಿದರು. ನಡೆದರೆ ಮನುಷ್ಯನಿಗೆ ಏದುಸಿರು ಬರುವ, ಸಂತೆಯ ಹಿಂದಿನ ಏರನ್ನು ವ್ಯಾನು ಒಂದೇ ದನಿಯಲ್ಲಿ ಹತ್ತಿತು. ಮೇಲೆ ತಲುಪಿದಾಗ ಎದುರಿನ ಗಾಜಿನ ತುಂಬ ಹಿಮದ ಬೆಟ್ಟ. ಸಿಕ್ಸ್ತೊ ಬಿಟ್ಟ ಬಾಯಿ ಮುಚ್ಚಲಿಲ್ಲ.

"ಅಬ್ಬಾ! ಇಷ್ಟು ಜನಾನ ಹೊತ್ಕೊಂಡು!"

ಅದನ್ನೇ ಕೊಂಡರು. ಆಮೇಲೆ ಮಾತೆಯ ಬಳಿ ಹೋಗಿ ವ್ಯಾನಿಗೆ ಹೂ ಮುಡಿಸಿದರು.

ಮೊದಲ ಸಲ ಮೀನು ತುಂಬಿಕೊಂಡು ತಿಕೀನಾದ ಇಳಿಜಾರಿಗೆ ಬಂದಾಗ ಸಿಕ್ಸ್ತೊ ಬ್ರೇಕ್ ಒತ್ತಿದ. ಅಷ್ಟು ಭಾರದ ವ್ಯಾನು ನಿಂತಲ್ಲೇ ನಿಂತಿತು. ಕೆಳಗೆ ಆಕಾಶದಷ್ಟು ಅಗಲದ ನೀರು. ಅವನು ಬ್ರೇಕಿನಿಂದ ಕಾಲು ತೆಗೆಯದೆ ಅದನ್ನೇ ನೋಡುತ್ತ ಕೂತ.

"ಇಳಿಸೋ ಮಾರಾಯಾ, ಬಾರ್ಜ್ ಕಾಯ್ತಿದೆ!" ತೊಮಾಸಾ ತಿವಿದಳು.

ಸಿಕ್ಸ್ತೊ ಮೊದಲು ಟೋಪಿ ತೆಗೆದ.

ದುಡಿಮೆಗೆ ವ್ಯಾನು ಕೊಳ್ಳುವ ಅಣ್ಣಂದಿರೇ, ಅಕ್ಕಂದಿರೇ, ಪೂಜೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಎಂಜಿನ್ ತಣ್ಣಗಿದ್ದಾಗ ಶುರು ಮಾಡಿಸಿ, ಭಾರ ಹಾಕಿ ಓಡಿಸಿ, ಬ್ರೇಕ್ ಒತ್ತಿ ಹಿಡಿದು ನೋಡಿ. ಹೂವನ್ನು ಆಮೇಲೆ ಮುಡಿಸಿ. ಆ ವ್ಯಾನಿನಲ್ಲಿ ಕೂರುವವರು ನಿಮ್ಮವರೇ.