ಹುಮನಾಬಾದಿನ ಎರಡು ವೈಫೈ ಕಾರ್ಡು

ಹುಮನಾಬಾದಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿರುವ ಮೊಹಿನುದ್ದೀನನಿಗೆ ಕಂಪ್ಯೂಟರ್ ಎಂದರೆ ಏನೆಂದು ಗೊತ್ತಿಲ್ಲ. ಇದನ್ನು ಅವನ ಮುಖದ ಮೇಲೆಯೇ ಹೇಳಿದ್ದೇನೆ. ನನ್ನ ಹೆಸರು ದೇವಿದಾಸ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ರಿಟೈರ್ ಆದವನು. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ವಿಂಡೋಸಿನ ಬದಲು ಲಿನಕ್ಸ್ ಬಳಸುವವನು ನಾನೊಬ್ಬನೇ. ಉಳಿದವರೆಲ್ಲ ಕದ್ದ ವಿಂಡೋಸ್ ಹಾಕಿಕೊಂಡು, ವೈರಸ್ ಬಂದರೆ ಕಂಪ್ಯೂಟರಿಗೆ ದೃಷ್ಟಿಯಾಯಿತು ಎಂದು ನಿಂಬೆಹಣ್ಣು ಇಳಿಸುವ ಮಂದಿ. ಅವರ ಜೊತೆ ನಾನು ಮಾತು ಬೆಳೆಸುವುದಿಲ್ಲ.

ನಮ್ಮ ಕಂಪ್ಯೂಟರಿನ ಹಳೆಯ ವೈಫೈ ಕಾರ್ಡು ಕೆಟ್ಟು ಇಂಟರ್ನೆಟ್ ನಿಂತಿತು. ಕೆಟ್ಟ ಹೊತ್ತಾದರೂ ಎಂಥದು! ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಸೊಸೆ ಪೂನಂಗೆ ಟೈಪಿಂಗ್ ಪರೀಕ್ಷೆ. ಬೀದರಿನ ಒಂದು ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆ ಬರೆಯುವ ಕೆಲಸಕ್ಕಾಗಿ ಆ ಪರೀಕ್ಷೆ. ಪರೀಕ್ಷೆ ಮನೆಯಿಂದಲೇ ಕೊಡಬಹುದು, ಆದರೆ ಕಂಪ್ಯೂಟರಿನಲ್ಲೇ ಬರೆಯಬೇಕು, ಮೊಬೈಲ್ ನಡೆಯುವುದಿಲ್ಲ. ಮೂರಕ್ಕೆ ಸರಿಯಾಗಿ ಒಳಗೆ ಹೋಗದಿದ್ದರೆ ಮುಗಿಯಿತು, ಎರಡನೇ ಸಲ ಕರೆಯುವುದಿಲ್ಲ. ಅಡುಗೆ ಮುಗಿಸಿ ದಿನಾ ಎರಡು ತಾಸಿನಂತೆ ಎಂಟು ತಿಂಗಳು ರೂಢಿ ಮಾಡಿದ್ದಳು.

ಶುಕ್ರವಾರವೇ ಹುಮನಾಬಾದಿಗೆ ಹೋದೆ. ಬಸವಕಲ್ಯಾಣದ ಅಂಗಡಿಯವರು ನನಗೆ ಸಾಮಾನು ಮಾರುವುದನ್ನು ಬಿಟ್ಟು ಎರಡು ವರ್ಷವಾಯಿತು. ನನ್ನ ಪ್ರಶ್ನೆಗೆ ಉತ್ತರ ಕೊಡುವ ಯೋಗ್ಯತೆ ಅವರಿಗಿಲ್ಲ.

“ಲಿನಕ್ಸಾ? ಅದ್ಕ ಗ್ಯಾರಂಟಿ ಇಲ್ರಿ ಸಾಹೇಬ್ರ,” ಎಂದು ಮೊಹಿನುದ್ದೀನ್ ಹಲ್ಲು ಕಿರಿದ. “ವಿಂಡೋಸ್ ಹಾಕ್ರಿ, ಆರಾಮ್ ನಡೀತದ.”

“ಗ್ಯಾರಂಟಿ ಯಾರ್ ಕೇಳ್ಯಾರ? ಕಾರ್ಡ್ ಕೊಡು,” ಎಂದೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಕಂಪ್ಯೂಟರ್ ಬಿಚ್ಚಿ ಕಾರ್ಡು ಕೂರಿಸಿದೆ. ಲಿನಕ್ಸ್ ಅದನ್ನು ಕೂಡಲೇ ಗುರುತಿಸಿತು. ಓಣಿಯ ಎಲ್ಲರ ವೈಫೈ ಹೆಸರುಗಳೂ ಪರದೆಯ ಮೇಲೆ ಬಂದವು, ನಮ್ಮದೂ ಬಂತು. ನಮ್ಮದನ್ನು ಒತ್ತಿ ಪಾಸ್‌ವರ್ಡ್ ಹೊಡೆದರೆ ಗರಗರ ತಿರುಗಿ ಮತ್ತೆ ಪಾಸ್‌ವರ್ಡ್ ಕೇಳಿತು. ಮತ್ತೆ ಹೊಡೆದೆ, ಮತ್ತೆ ಕೇಳಿತು. ಕಾರ್ಡನ್ನೂ ಲಿನಕ್ಸನ್ನೂ ಮಾತಾಡಿಸುವ ಡ್ರೈವರ್ ಎಂಬುದೊಂದು ಇರುತ್ತದೆ, ಅದೇ ಸರಿಯಿಲ್ಲ ಎಂದು ತೀರ್ಮಾನಿಸಿದೆ. ಡ್ರೈವರ್ ತೆಗೆದೆ, ಹಾಕಿದೆ, ತೆಗೆದೆ. ಮೊಹಿನುದ್ದೀನನ ಏಳು ತಲೆಮಾರನ್ನು ಬೈದೆ.

ಪೂನಂ ಚಹಾ ತಂದು ಪರದೆ ನೋಡುತ್ತ ನಿಂತಳು. “ಮಾಮಾ, ಮಂದೀದೆಲ್ಲ ವೈಫೈ ಕಾಣಾಕತ್ತದ ಅಲ್ರಿ. ಅಂದ್ರ ಕಾರ್ಡ್ ಚಲೋ ಇರ್ಬೇಕು. ನಮ್ಮ ರೌಟರ್‌ದಾಗೇ ಏನರ...”

ನನಗೆ ನಗು ಬಂತು. “ಚಹಾ ಇಟ್ಟು ಹೋಗವ್ವ. ಟೈಪಿಂಗ್ ಬಂದ್ರ ಇಂಜಿನಿಯರ್ ಆಗಲ್ಲ.”

ಹತ್ತಕ್ಕೆ ಕಾರ್ಡನ್ನು ಕಿತ್ತು ಜೇಬಿಗೆ ಹಾಕಿಕೊಂಡು ಹೊರಟಾಗ ಬಾಗಿಲಲ್ಲಿ ಮತ್ತೆ ಅಡ್ಡ ಬಂದಳು. “ಇವತ್ತೊಂದಿನ ನನ್ನ ಮೊಬೈಲ್‌ದಾಗಿನ ನೆಟ್ ವೈರ್ ಹಚ್ಚಿ ನಡಸೂಣೇನ್ರಿ?”

“ನನ್ನ ಲಿನಕ್ಸು ನಿನ್ನ ಮೊಬೈಲ್ ಮುಂದ ಕೈ ಚಾಚಬೇಕಾ? ನಾ ಬರೋತನಕ ಯಾರೂ ಅದನ್ನ ಮುಟ್ಟಬ್ಯಾಡ್ರಿ,” ಎಂದು ಹೇಳಿ ಬಸ್ ಹಿಡಿದೆ.

ಮೊಹಿನುದ್ದೀನ್ ಕಾರ್ಡನ್ನು ತನ್ನ ಡಬ್ಬಾ ಕಂಪ್ಯೂಟರಿಗೆ ಹಾಕಿದ. ಒಂದೇ ಏಟಿಗೆ ನಡೆಯಿತು. “ಬರಾಬರ್ ಅದರಿ ಸಾಹೇಬ್ರ. ಖರಾಬಿ ನಿಮ್ಮ ಮನ್ಯಾಗೇ ಅದ,” ಎಂದ. ಅವನಿಗೂ ನನಗೂ ಅರ್ಧ ತಾಸು ಜಗಳವಾಯಿತು. ಅಂಗಡಿಗೆ ಬಂದ ಗಿರಾಕಿಗಳೆಲ್ಲ ನಿಂತು ತಮಾಷೆ ನೋಡಿದರು, ಕೆಲಸವಿಲ್ಲದ ಮಂದಿ. ಕೊನೆಗೆ ಬೇರೆ ಕಂಪನಿಯ ಕಾರ್ಡು ತೆಗೆದುಕೊಂಡೆ. ಹಿಂತಿರುಗುವ ಬಸ್ಸು ತಡವಾಯಿತು. ಮನೆ ಮುಟ್ಟಿದಾಗ ಎರಡೂಕಾಲು.

ಎರಡನೇ ಕಾರ್ಡೂ ಗರಗರ ತಿರುಗಿ ಪಾಸ್‌ವರ್ಡ್ ಕೇಳಿತು.

ಅದನ್ನೂ ಬಿಚ್ಚಿ ಮತ್ತೆ ಕೂರಿಸಿದೆ. ಪೂನಂ ತಲೆ ಬಾಚಿಕೊಂಡು, ಆಧಾರ್ ಕಾರ್ಡು ಹಿಡಿದು ಬೆನ್ನ ಹಿಂದೆಯೇ ನಿಂತಿದ್ದಳು. “ಮಾಮಾ, ಒಂದ್ಸಲ ರೌಟರ್‌ದಾಗಿನ ಯಾದಿ...” ಎಂದಳು. “ಸುಮ್ನಿರಬೇಕು!” ಎಂದು ಗದರಿದೆ. ಒಳಗಿನಿಂದ ನನ್ನ ಹೆಂಡತಿ ಕಮಳಾಬಾಯಿ, “ನಿಮ್ಮ ಜಂಬದಾಗ ಹುಡುಗೀದು ಪರೀಕ್ಷಾ ಮುಳುಗಸ್ತೀರೇನ್ರಿ?” ಎಂದು ಕೂಗಿದಳು. ಎಸ್ಸೆಸ್ಸೆಲ್ಸಿ ಫೇಲಾದವಳು ನನಗೆ ಹೇಳುತ್ತಾಳೆ!

ಗಡಿಯಾರ ಎರಡು ಗಂಟೆ ನಲವತ್ತೆಂಟು ನಿಮಿಷ ತೋರಿಸಿತು.

“ಮಾಮಾ, ಏಳ್ರಿ,” ಎಂದಳು ಪೂನಂ.

ಈ ಮನೆಯಲ್ಲಿ ನನಗೆ ಕುರ್ಚಿಯಿಂದ ಏಳು ಎಂದವರು ಯಾರೂ ಇರಲಿಲ್ಲ. ಹೇಗೋ ಎದ್ದೆ. ಅವಳು ಕಂಪ್ಯೂಟರನ್ನು ಮುಟ್ಟಲೂ ಇಲ್ಲ. ತನ್ನ ಮೊಬೈಲಿನಲ್ಲಿ ಮನೆಗೆಲ್ಲ ವೈಫೈ ಹಂಚುವ ನಮ್ಮ ರೌಟರಿನ ಸೆಟ್ಟಿಂಗ್ ಪುಟ ತೆರೆದು ಒಂದು ಯಾದಿಯನ್ನು ನನ್ನ ಮುಂದೆ ಹಿಡಿದಳು. ಅದರಲ್ಲಿ ಮೂರು ನಂಬರುಗಳಿದ್ದವು.

ಯಾದಿ ನನ್ನದೇ. ಹೋದ ಬೇಸಿಗೆಯಲ್ಲಿ ಓಣಿಯ ಬಿಟ್ಟಿ ಗಿರಾಕಿಗಳು ನಮ್ಮ ಪಾಸ್‌ವರ್ಡ್ ಎಲ್ಲಿಂದಲೋ ತಿಳಿದುಕೊಂಡು, ನಮ್ಮ ಕಟ್ಟೆಯ ಮೇಲೆಯೇ ಕುಳಿತು ಸಿನಿಮಾ ನೋಡತೊಡಗಿದ್ದರು. ಪ್ರತಿ ಕಾರ್ಡಿಗೂ ಕಾರ್ಖಾನೆಯಲ್ಲೇ ಒಂದು ನಂಬರ್ ಹಾಕಿರುತ್ತಾರೆ. ಈ ಯಾದಿಯಲ್ಲಿರುವ ನಂಬರುಗಳನ್ನು ಬಿಟ್ಟು ಬೇರೆ ಯಾರನ್ನೂ ಒಳಗೆ ಬಿಡಬೇಡ ಎಂದು ನಾನು ರೌಟರಿಗೆ ಹೇಳಿದ್ದೆ. ನನ್ನ ಮೊಬೈಲು, ಪೂನಂಳ ಮೊಬೈಲು, ಕಂಪ್ಯೂಟರಿನ ಹಳೆಯ ಕಾರ್ಡು. ಅಂದು ಒಂದೊಂದೇ ಅಕ್ಷರ ಓದಿ ಹೇಳಿದವಳು ಪೂನಂ, ಟೈಪ್ ಮಾಡಿದವನು ನಾನು. ಹೊಸ ಕಾರ್ಡಿನ ನಂಬರ್ ಅಲ್ಲಿರಲಿಲ್ಲ. ಲಿನಕ್ಸಿನದೂ ತಪ್ಪಿಲ್ಲ, ಮೊಹಿನುದ್ದೀನನದೂ ತಪ್ಪಿಲ್ಲ.

“ಹೊಸಾ ಕಾರ್ಡಿನ ನಂಬರ್ ಓದ್ರಿ ಮಾಮಾ. ಲಗೂನ ಓದ್ರಿ.”

ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿದೆ. ಒಂದು ಕಡೆ ತಪ್ಪಿ ಮತ್ತೆ ಓದಿದೆ, ಪೂನಂ ಅದನ್ನು ಯಾದಿಗೆ ಸೇರಿಸಿದಳು. ಎರಡು ಗಂಟೆ ಐವತ್ತೈದಕ್ಕೆ ಕಂಪ್ಯೂಟರಿಗೆ ಇಂಟರ್ನೆಟ್ ಬಂತು. ಪೂನಂ ಬಾಗಿಲು ಹಾಕಿಕೊಂಡಳು.

ನಾಲ್ಕಕ್ಕೆ ಹೊರಗೆ ಬಂದಾಗ ಅವಳ ಮುಖ ಅರಳಿತ್ತು. ನಾನು ಸುಮ್ಮನಿರಬಹುದಿತ್ತು.

“ಗೊತ್ತಿದ್ರ ಮುಂಜಾನೇನ ಬಾಯಿ ಬಿಟ್ಟು ಹೇಳಬೇಕಿತ್ತು,” ಎಂದೆ.

“ಹೇಳಾಕ ಬಂದಿದ್ದೆನ್ರಿ. ಮೊದಲ ನಕ್ರಿ, ಆಮ್ಯಾಲ ಬೈದ್ರಿ.”

“ಹೋಗ್ಲಿ ಬಿಡು. ಇಷ್ಟು ತಿಳಿಯೋಳು ಬೀದರ್‌ದಾಗಿನ ಕೆಲಸಕ್ಕ ಯಾಕ ಅರ್ಜಿ ಹಾಕಿದಿ? ಇಲ್ಲೇ ಮನ್ಯಾಗ ಕುಂತು ಮಾಡೋ ಟೈಪಿಂಗ್ ಕೆಲಸ ಸಿಗ್ತಿತ್ತಲ್ಲ.”

“ಸಿಕ್ಕಿತ್ರಿ,” ಎಂದಳು ಪೂನಂ. “ನಾನೇ ಒಲ್ಲೆ ಅಂದೆ. ದಿನದಾಗ ಎಂಟು ತಾಸರ ನನ್ನ ಮಾತಿಗಿ ಯಾರೂ ನಗಲಾರದ ಜಾಗದಾಗ ಇರ್ಬೇಕು ಅನಸ್ತದರಿ ಮಾಮಾ.”

ಸಿಟ್ಟಿನಿಂದ ಹೇಳಿದ್ದರೆ ನಾನೂ ಗದರುತ್ತಿದ್ದೆ. ಅವಳು ಮೆಲ್ಲಗೆ ಹೇಳಿದಳು. ನನಗೆ ನಾಚಿಕೆಯಾಯಿತು. ನನ್ನ ಪರವಾಗಿ ಒಂದು ಮಾತಾದರೂ ಆಡಲಿ ಎಂದು ಕಮಳಾಬಾಯಿಯ ಕಡೆ ನೋಡಿದೆ.

ಅವಳು ಸೊಸೆಗೆ, “ಮುಂಜಾನಿ ಬೀದರ್ ಬಸ್ ಎಷ್ಟಕ್ಕ ಅದ ಕೇಳಿ ಇಟ್ಕೊ. ಬುತ್ತಿ ನಾ ಕಟ್ಟಿ ಕೊಡ್ತೀನಿ,” ಎಂದಳು.