ಲಾಂಡ್ರಿಗೆ ಬಂದ ಎದೆ ಯಂತ್ರ

ಮ್ಯಾನೇಜರ್ ಕೋಣೆಯ ಮೇಜಿನ ಮೇಲೆ ಎರಡು ಯಂತ್ರಗಳನ್ನು ಇಟ್ಟಿದ್ದರು. ಒಂದು ತೆಳ್ಳಗೆ, ಬೆಳ್ಳಗೆ, ಪುಟ್ಟ ಪರದೆಯ ಮೇಲೆ ಗೆರೆ ಓಡಿಸುತ್ತ ಕೂತಿತ್ತು. ಇನ್ನೊಂದು ಹಳದಿ ಬಣ್ಣದ್ದು, ದಪ್ಪ, ಊಟದ ಡಬ್ಬಿಗೆ ಹಿಡಿ ಹಚ್ಚಿದ ಹಾಗೆ ಇತ್ತು. ಎದೆಬಡಿತ ಹಠಾತ್ತನೆ ನಿಂತು ಬಿದ್ದವರಿಗೆ ಕರೆಂಟು ಕೊಟ್ಟು ಮತ್ತೆ ಬಡಿಯುವಂತೆ ಮಾಡುವ ಯಂತ್ರ, ಡಾಕ್ಟರೇ ಬೇಕೆಂದಿಲ್ಲ, ಯಾರು ಬೇಕಾದರೂ ಬಳಸಬಹುದು ಎಂದು ಮಾರಲು ಬಂದವನು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ವಿವರಿಸುತ್ತಿದ್ದ. ಮ್ಯಾನೇಜರಿಗೆ ಆಗಲೇ ಬೆಳ್ಳನೆಯದರ ಮೇಲೆ ಮನಸ್ಸು ಕೂತಿತ್ತು.

"ಇದನ್ನ ರಿಸೆಪ್ಷನ್‌ನಲ್ಲಿ ಇಟ್ರೆ ಚೆನ್ನಾಗಿ ಕಾಣುತ್ತೆ," ಎಂದರು.

ಪಕ್ಕದಲ್ಲೇ ನಿಂತಿದ್ದ ಮಡಿಕೆಯಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

"ರಿಸೆಪ್ಷನ್‌ನಲ್ಲಿ ಯಾರು ಬೀಳ್ತಾರೆ ಸಾರ್? ಅಲ್ಲಿ ಸೋಫಾ ಇದೆ. ನಾವು ಬೀಳೋದು ಒಳಗೆ."

ಆ ದೊಡ್ಡ ಲಾಂಡ್ರಿಗೆ ಆಸ್ಪತ್ರೆಗಳ, ಹೋಟೆಲುಗಳ ಹಾಸಿಗೆ ಬಟ್ಟೆಗಳೆಲ್ಲ ಬರುತ್ತಿದ್ದವು. ಒಂದು ತುದಿಯಲ್ಲಿ ಒಗೆಯುವ ಯಂತ್ರಗಳು, ನಡುವೆ ದುಪ್ಪಟಿಗಳನ್ನು ನುಂಗಿ ಇಸ್ತ್ರಿ ಮಾಡಿ ಉಗುಳುವ ಬಿಸಿ ರೋಲರ್, ಈ ತುದಿಯಲ್ಲಿ ಮಡಿಸುವ ಮೇಜುಗಳು. ಮಡಿಸುವ ಹೆಂಗಸರಿಗೆಲ್ಲ ಅವಳೇ ಮುಖ್ಯಸ್ಥೆ, ಆದ್ದರಿಂದ ಅವಳು ಮಡಿಕೆಯಕ್ಕ. ಅವಳ ಗಂಡ ಆ ತುದಿಯಲ್ಲಿ ಒದ್ದೆ ಬಟ್ಟೆ ಎತ್ತಿ ಗಾಡಿಗೆ ತುಂಬುವವನು. ಗಂಡನ ಅಣ್ಣ, ಅವಳ ಭಾವ, ರೋಲರ್ ನೋಡಿಕೊಳ್ಳುತ್ತಿದ್ದ. ನೋಡಿಕೊಳ್ಳುತ್ತಿದ್ದ ಎಂದೇ ಹೇಳಬೇಕು. ಹೋದ ವರ್ಷ ನಗುನಗುತ್ತ ಏನೋ ಹೇಳುತ್ತಿದ್ದವನು ನಿಂತಲ್ಲೇ ಕುಸಿದ. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು, ಇಬ್ಬರು ದುಪ್ಪಟಿಯಿಂದ ಗಾಳಿ ಹಾಕಿದರು, ಉಳಿದವರು ಸುತ್ತ ನಿಂತು ಆ ಗಾಳಿಯನ್ನೂ ತಡೆದರು. ಹತ್ತಿರದಲ್ಲಿ ಯಂತ್ರ ಇದ್ದಿದ್ದರೆ ಉಳಿಯುತ್ತಿದ್ದರೇನೋ ಎಂದು ಡಾಕ್ಟರು ಆಮೇಲೆ ಹೇಳಿದರು.

ಆ 'ಏನೋ' ಅವಳ ಗಂಟಲಲ್ಲಿ ಮುಳ್ಳಾಗಿ ಕೂತಿತು. ಮಾವನೂ ಹಾಗೆಯೇ ಹೋದವರು. ಅಪ್ಪ ಹೋದ, ಅಣ್ಣ ಹೋದ, ಇನ್ನು ಉಳಿದವನು ಅವಳ ಗಂಡ. ಆ ತುದಿಯಲ್ಲಿ ಬಟ್ಟೆಯ ಗಂಟು ದಪ್ಪೆಂದು ಬಿದ್ದರೂ ಅವಳ ಕೈಯ ಮಡಿಕೆ ತಪ್ಪುತ್ತಿತ್ತು. ಯಂತ್ರ ತನ್ನಿ, ಯಂತ್ರ ತನ್ನಿ ಎಂದು ಅವಳು ಮ್ಯಾನೇಜರ ಬೆನ್ನು ಬಿಡಲಿಲ್ಲ. ಅವರೋ, ನೋಡೋಣ, ಮಾಡೋಣ, ಆಗದೆ ಏನು ಎಂದು ಅಡ್ಡಗೋಡೆಯ ಮೇಲೆ ದೀಪ ಇಡುತ್ತಲೇ ಬಂದರು. ಕೊನೆಗೆ ಬಟ್ಟೆ ಕಳಿಸುವ ಆಸ್ಪತ್ರೆಯವರೇ ಒಂದು ದಿನ ಒಳಗೆಲ್ಲ ಓಡಾಡಿ, "ನಿಮ್ಮಲ್ಲಿ ಎದೆ ಯಂತ್ರ ಇಲ್ವಾ?" ಎಂದು ಕೇಳಿದಾಗ ಇವರಿಗೆ ಜ್ಞಾನೋದಯವಾಯಿತು. ಕೆಲಸದವನ ಸಾವಿಗೆ ಏಳದ ನಿದ್ದೆ ಗಿರಾಕಿಯ ಒಂದು ಮಾತಿಗೆ ಎದ್ದಿತು.

"ಎರಡನ್ನೂ ರೋಲರ್ ಪಕ್ಕ ತಗೊಂಡು ಬನ್ನಿ," ಎಂದಳು ಮಡಿಕೆಯಕ್ಕ ಮಾರಾಟದವನಿಗೆ. "ಈ ಕೋಣೆಯಲ್ಲಿ ಎಲ್ಲಾ ಚೆನ್ನಾಗೇ ಕೇಳುತ್ತೆ."

ರೋಲರ್ ಭೋರ್ಗರೆಯುತ್ತಿತ್ತು. ಬೆಳ್ಳನೆಯದು ಏನೋ ಪಿಸುಗುಟ್ಟಿತು, ಅದೂ ಪರಭಾಷೆಯಲ್ಲಿ. ಹಳದಿಯದರ ಮುಚ್ಚಳ ತೆಗೆದದ್ದೇ ತಡ, "ಶಾಂತವಾಗಿರಿ, ಎದೆಯ ಮೇಲಿನ ಬಟ್ಟೆ ತೆಗೆಯಿರಿ," ಎಂದು ನಮ್ಮದೇ ಮಾತಿನಲ್ಲಿ, ಗಟ್ಟಿ ದನಿಯಲ್ಲಿ ಹೇಳಿತು. ಮಡಿಸುತ್ತಿದ್ದ ಹೆಂಗಸರು ಬೆಚ್ಚಿ ತಿರುಗಿದರು.

"ಇದಕ್ಕೆ ನನ್ನ ಅತ್ತೆ ಗಂಟಲಿದೆ!" ಎಂದು ಒಬ್ಬಳು ಕೂಗಿದಳು. ಎಲ್ಲರೂ ನಕ್ಕರು.

"ನೀರು ಬಿದ್ರೆ?" ಎಂದು ಮಡಿಕೆಯಕ್ಕನ ಗಂಡ ಕೇಳಿದ. ಅವನ ಮೊಣಕೈಯಿಂದ ಆಗಲೂ ನೀರು ತೊಟ್ಟಿಕ್ಕುತ್ತಿತ್ತು.

"ಹಳದಿಯದು ತಡ್ಕೊಳ್ಳುತ್ತೆ," ಎಂದ ಮಾರಾಟದವನು. "ಎದೆ ಬಡೀತಿದ್ದರೆ ಶಾಕ್ ಕೊಡೋದೂ ಇಲ್ಲ. ಅದೇ ನೋಡಿ, ತಿಳ್ಕೊಂಡು, ಬೇಕಿದ್ರೆ ಮಾತ್ರ ಕೊಡುತ್ತೆ."

ಹಳದಿಯದೇ ಬಂತು. ಮಡಿಸುವ ಮೇಜುಗಳಿಗೂ ರೋಲರ್‌ಗೂ ನಡುವಿನ ಗೋಡೆಯಲ್ಲಿ ತೂಗುಹಾಕಿದರು. ಅವಳೂ, ಇನ್ನು ಕೆಲವರೂ ರಬ್ಬರ್ ಗೊಂಬೆಯ ಎದೆ ಒತ್ತಿ ಒತ್ತಿ ಕಲಿತರು. ಯಂತ್ರದ ಮೂಲೆಯಲ್ಲಿ ಒಂದು ಹಸಿರು ದೀಪ ಮಿಣಕ್, ಮಿಣಕ್ ಎನ್ನುತ್ತಿತ್ತು. ನಾನು ಸಿದ್ಧವಾಗಿದ್ದೇನೆ ಎಂದು ಅದರ ಅರ್ಥ. ಅವಳು ಬೆಳಿಗ್ಗೆ ಬಂದವಳೇ ಆ ದೀಪ ನೋಡಿ, ಆಮೇಲೆ ಆ ತುದಿಯ ಗಂಡನನ್ನು ನೋಡಿ ಕೆಲಸಕ್ಕೆ ಕೂರುತ್ತಿದ್ದಳು. ಹೋದ ವರ್ಷದಿಂದ ಬಿಗಿಹಿಡಿದಿದ್ದ ಉಸಿರು ಆಗ ಸ್ವಲ್ಪ ಸಡಿಲಾಗಿತ್ತು.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಅಲ್ಲಿ ಸ್ಟೋರ್ ನೋಡಿಕೊಳ್ಳುವ ಬೀಗದಣ್ಣ ಎಂಬ ಮಹಾನುಭಾವನಿದ್ದ. ಸೊಂಟದಲ್ಲಿ ಬೀಗದ ಕೈ ಗೊಂಚಲು, ಮುಖದಲ್ಲಿ ಸದಾ ಅನುಮಾನ. ಕೈಗವಸು, ಸೋಪು, ದಾರದುಂಡೆ ಎಲ್ಲಕ್ಕೂ ಬೀಗ. ವಸ್ತು ಇರುವುದು ಬಳಸಲು ಎಂಬುದು ಅವನ ತಲೆಗೆ ಹೋಗದ ವಿಷಯ. ವಸ್ತು ಇರುವುದು ಉಳಿಸಲು. ಅವನ ಕೈಗೆ ಬಂದ ಟಾರ್ಚು, ಗಡಿಯಾರ, ತೂಕದ ಯಂತ್ರ ಯಾವುದೇ ಆಗಲಿ, ಮೊದಲು ಬ್ಯಾಟರಿ ಬಿಚ್ಚಿ ಬೇರೆ ಇಡುತ್ತಿದ್ದ. ಒಳಗೇ ಬಿಟ್ಟರೆ ಚಾರ್ಜು ಸುಮ್ಮನೆ ಹೋಗುತ್ತದೆ ಎಂದು ಅವನ ಸಿದ್ಧಾಂತ. ಕರೆಂಟು ಹೋದಾಗ ಆ ಲಾಂಡ್ರಿಯವರು ಮೊದಲು ಹುಡುಕುತ್ತಿದ್ದದ್ದು ಟಾರ್ಚನ್ನಲ್ಲ, ಬೀಗದಣ್ಣನನ್ನು.

ಒಂದು ದಿನ ಅವನು ಮಡಿಸುವ ಮೇಜಿನ ಹತ್ತಿರ ಬಂದ.

"ಅಕ್ಕಾ, ಬಟ್ಟೆ ಧೂಳು ಎಲ್ಲಾ ಎದೆ ಯಂತ್ರದ ಮೇಲೆ ಕೂರ್ತಿದೆ. ಒಂದು ಗೌಸು ಹೊಲಿದು ಕೊಡಿ."

ಸರಿ ಎನ್ನಿಸಿತು ಅವಳಿಗೆ. ಈ ಮನುಷ್ಯನಿಗೂ ಕಾಳಜಿ ಬಂತಲ್ಲ ಎಂದು ಸಂತೋಷವೇ ಆಯಿತು. ಹರಿದ ದುಪ್ಪಟಿಯಲ್ಲಿ ಗಟ್ಟಿ ತುಂಡು ನೋಡಿ ಕತ್ತರಿಸಿ, ಅಂಚು ಹೊಲಿದು ತಾನೇ ತೊಡಿಸಿದಳು. ಆಮೇಲೆ ಹಸಿರು ದೀಪ ಕಾಣಲಿಲ್ಲ. ಗೌಸಿನ ಕೆಳಗೆ ಮಿಣುಕುತ್ತಿದೆ ಎಂದುಕೊಂಡಳು.

ಅವಳ ಗಂಡ ಬಿದ್ದದ್ದು ಒಂದು ಮಧ್ಯಾಹ್ನ, ಅರ್ಧ ಜನ ಊಟಕ್ಕೆ ಹೋಗಿದ್ದಾಗ. ದಪ್ಪೆಂಬ ಸದ್ದು ಕೇಳಿ ಅವಳು ತಿರುಗಿದಳು. ಈ ಸಲ ಬಟ್ಟೆಯ ಗಂಟಲ್ಲ. ಗಾಡಿಯ ಪಕ್ಕದಲ್ಲಿ ಗಂಡ ಅಂಗಾತ ಬಿದ್ದಿದ್ದ, ಕಣ್ಣು ತೆರೆದೇ ಇತ್ತು, ಆ ಕಣ್ಣಲ್ಲಿ ಯಾರೂ ಇರಲಿಲ್ಲ.

ಅವಳು ಅಳಲಿಲ್ಲ. ಓಡಿದಳು. "ಆಂಬ್ಯುಲೆನ್ಸ್‌ಗೆ ಫೋನ್ ಮಾಡ್ರೇ! ಯಂತ್ರ ತನ್ನಿ!" ಎಂದು ಕೂಗಿ ಗಂಡನ ಅಂಗಿ ಹರಿದು, ಒಣ ದುಪ್ಪಟಿಯಿಂದ ಎದೆ ಒರೆಸಿ, ಎರಡೂ ಕೈ ಊರಿ ಒತ್ತತೊಡಗಿದಳು. ಒಬ್ಬಳು ಗೌಸು ಕಿತ್ತೆಸೆದು ಯಂತ್ರ ತಂದಳು. ಮುಚ್ಚಳ ತೆಗೆದಳು.

ಯಂತ್ರ ಮಾತಾಡಲಿಲ್ಲ.

"ಗುಂಡಿ ಒತ್ತು!"

"ಒತ್ತಿದೆ ಅಕ್ಕಾ. ಏನೂ ಇಲ್ಲ. ಸತ್ತುಹೋಗಿದೆ."

ಒಬ್ಬಳು ಯಂತ್ರ ಮಗುಚಿ ನೋಡಿದಳು. ಬ್ಯಾಟರಿ ಇರಬೇಕಾದಲ್ಲಿ ಚೌಕದ ಹಳ್ಳ ಬಾಯಿ ತೆರೆದುಕೊಂಡಿತ್ತು. ಎಲ್ಲರಿಗೂ ಒಂದೇ ಸಲ ಒಂದೇ ಹೆಸರು ನೆನಪಾಯಿತು. ಇಬ್ಬರು ಅವನು ಉಣ್ಣುತ್ತಿದ್ದ ಕ್ಯಾಂಟೀನಿಗೆ ಓಡಿದರು. ಅವಳು ಒತ್ತುತ್ತಲೇ ಇದ್ದಳು. ಕೈ ಸೋತಾಗ ಇನ್ನೊಬ್ಬಳು, ಆಮೇಲೆ ಮತ್ತೆ ಅವಳು. ಒತ್ತುತ್ತ ಒತ್ತುತ್ತ ಅವಳ ಬಾಯಿಂದ ಬಂದದ್ದು ಪ್ರಾರ್ಥನೆಯಲ್ಲ, ಬೈಗುಳ. ಜೀವಮಾನದಲ್ಲಿ ಆಡದ ಮಾತುಗಳನ್ನೆಲ್ಲ ಅವಳು ಅವತ್ತು ಆಡಿದಳು.

ಬೀಗದಣ್ಣ ಓಡಿ ಬಂದ. "ಇದೆ, ಇದೆ, ಜೋಪಾನವಾಗಿ ಇಟ್ಟಿದ್ದೀನಿ," ಎನ್ನುತ್ತಲೇ ಬಂದ. ಗೊಂಚಲಿನಲ್ಲಿ ಬೀಗದ ಕೈ ಬೇಗ ಸಿಗಲಿಲ್ಲ. ಸ್ಟೋರಿನ ಬೀಗ, ಒಳಗೆ ಬೀರುವಿನ ಬೀಗ, ಅದರೊಳಗೆ ಡ್ರಾಯರಿನ ಬೀಗ. ಹಲ್ಲಿದ್ದಲ್ಲಿ ಕಡಲೆಯಿಲ್ಲ, ಕಡಲೆಯಿದ್ದಲ್ಲಿ ಹಲ್ಲಿಲ್ಲ ಎಂಬುದನ್ನು ಇಷ್ಟು ಶಿಸ್ತಿನಿಂದ ಮಾಡಿಟ್ಟವರನ್ನು ಯಾರೂ ಕಂಡಿರಲಾರರು. ಕೊನೆಗೆ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ರಬ್ಬರ್ ಬ್ಯಾಂಡ್ ಬಿಗಿದ ಬ್ಯಾಟರಿ ಬಂತು. ಅದನ್ನು ಕೂರಿಸಿದ್ದೇ ಯಂತ್ರ ಅದೇ ಗಟ್ಟಿ ದನಿಯಲ್ಲಿ, "ಶಾಂತವಾಗಿರಿ," ಎಂದಿತು.

ಯಂತ್ರದ ಅಂಟುಪಟ್ಟಿಗಳನ್ನು ಎದೆಗೆ ಹಚ್ಚಿದರು. ಯಾರೂ ಮುಟ್ಟಬೇಡಿ ಎಂದಿತು. ಗುಂಡಿ ಒತ್ತಿದರು. ಗಂಡನ ಮೈ ಒಮ್ಮೆ ಎಗರಿತು. ಅವಳು ಮತ್ತೆ ಎದೆ ಒತ್ತಿದಳು, ಯಂತ್ರ ಮತ್ತೆ ಶಾಕ್ ಕೊಟ್ಟಿತು. ಆಂಬ್ಯುಲೆನ್ಸ್ ಬರುವ ಹೊತ್ತಿಗೆ ಅವನು ಗೊರಕೆಯಂತೆ ಉಸಿರಾಡುತ್ತಿದ್ದ.

ಬದುಕಿದ. ಎಲ್ಲರೂ ಅದನ್ನೇ ಹೇಳಿದರು, ಬದುಕಿದ್ರಲ್ಲಾ, ಅದೇ ದೊಡ್ಡದು. ಆದರೆ ರಕ್ತ ಸಾಕಷ್ಟು ಹರಿಯದೆ ಕಾದ ಆ ಹೊತ್ತಿನಲ್ಲಿ ಮೆದುಳಿಗೆ ಪೆಟ್ಟಾಗಿತ್ತು. ನಡೆಯುತ್ತಿದ್ದ, ಉಣ್ಣುತ್ತಿದ್ದ, ಎಲ್ಲರ ಗುರುತೂ ಇತ್ತು. ಮಾತು ಮಾತ್ರ ಸಿಗುತ್ತಿರಲಿಲ್ಲ. ನೀರು ಬೇಕಾದರೆ ಲೋಟ ತೋರಿಸಿ, ಆ ಎರಡಕ್ಷರಕ್ಕಾಗಿ ಹಣೆ ಸುಕ್ಕುಗಟ್ಟಿಸಿ ಒದ್ದಾಡುತ್ತಿದ್ದ. ಇಡೀ ಲಾಂಡ್ರಿಯನ್ನು ನಗಿಸುತ್ತಿದ್ದ ಬಾಯಿ ಅದು.

ಬೀಗದಣ್ಣ ಆಸ್ಪತ್ರೆಗೆ ಬಂದಿದ್ದ. ಕಣ್ಣು ಕೆಂಪಗಿತ್ತು.

"ಆ ದೀಪ ಹಗಲೂ ರಾತ್ರಿ ಉರೀತಿತ್ತಕ್ಕಾ. ಬೇಕಾದಾಗ ಚಾರ್ಜ್ ಇರಲ್ಲ ಅಂತ ತೆಗೆದಿಟ್ಟೆ. ಬೇರೆಯವರ ಕೈಲಿ ಕೊಟ್ಟಿದ್ರೆ ಕಳೆದೇ ಹೋಗ್ತಿತ್ತು. ನನ್ನ ಹತ್ರ ಇದ್ದಿದ್ದಕ್ಕೇ ಸಿಕ್ತು."

ಅವಳು ಅವನನ್ನು ದಿಟ್ಟಿಸಿ ನೋಡಿದಳು. "ಹೋಗಣ್ಣ," ಎಂದಳು. "ನನ್ನ ಬಾಯಿ ತೆರೆಸಬೇಡ, ಹೋಗು."

ಅವಳ ಬಾಯಿ ತೆರೆಸಿದವರು ಮ್ಯಾನೇಜರ್. ಗಂಡ ಮನೆಗೆ ಬಂದು ಚೇತರಿಸಿಕೊಂಡ ಮೇಲೆ ಅವರು ಲಾಂಡ್ರಿಯಲ್ಲೇ ಸಣ್ಣ ಸಭೆ ಇಟ್ಟುಕೊಂಡರು. ಆಸ್ಪತ್ರೆಯ ಗಿರಾಕಿಗಳನ್ನೂ ಕರೆದಿದ್ದರು. ರೋಲರ್ ನಿಲ್ಲಿಸಿ, ಮಡಿಸುವ ಮೇಜನ್ನೇ ಮುಂದಕ್ಕೆ ಎಳೆದು ಬಿಳಿ ದುಪ್ಪಟಿ ಹಾಸಿದ್ದರು. ಕಾರ್ಮಿಕರ ಪ್ರಾಣವೇ ನಮಗೆ ಮುಖ್ಯ ಎಂದರು. ನಾವೇ ಮುಂದಾಲೋಚನೆಯಿಂದ ತಂದ ಯಂತ್ರ ಎಂದರು. ಆಮೇಲೆ, ಸಮಯಪ್ರಜ್ಞೆ ಮೆರೆದು ಬ್ಯಾಟರಿ ಒದಗಿಸಿದ ಸ್ಟೋರಿನವರಿಗೆ ಒಂದು ಪ್ರಶಸ್ತಿ ಪತ್ರ ಎಂದರು. ಬೀಗದಣ್ಣ ತಲೆ ತಗ್ಗಿಸಿಕೊಂಡು ಬಂದು ಇಸಕೊಂಡ. ಪಾಪ, ಅವನಿಗಾದರೂ ಅಷ್ಟು ನಾಚಿಕೆ ಇತ್ತು. ಕೊಟ್ಟವರಿಗೆ ಅದೂ ಇರಲಿಲ್ಲ.

"ಈಗ ನಮ್ಮ ಅದೃಷ್ಟವಂತರು ಎರಡು ಮಾತು ಆಡ್ತಾರೆ," ಎಂದು ಮ್ಯಾನೇಜರ್ ಮೈಕನ್ನು ಅವಳ ಗಂಡನ ಕೈಗೆ ಕೊಟ್ಟರು.

ಬೇಡ ಎನ್ನಲು ಅವಳು ಎದ್ದಳು. ಅಷ್ಟರಲ್ಲಿ ಅವನೇ ನಿಂತಿದ್ದ. ಅವನಿಗೆ ಹೇಳುವುದಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು.

"ನಾನು..." ಎಂದ. "ಅವತ್ತು..."

ಅಲ್ಲಿಗೆ ನಿಂತಿತು. ತುಟಿ ಆಡುತ್ತಿತ್ತು, ಶಬ್ದ ಬರಲಿಲ್ಲ. ಸಭೆ ಕಾಯಿತು. ಯಾರೋ ಕೆಮ್ಮಿದರು. ಯಾರೋ ಕುರ್ಚಿ ಸರಿಸಿದರು. ಗಿರಾಕಿಗಳು ನೆಲ ನೋಡತೊಡಗಿದರು. ಅವನ ಹಣೆಯ ಮೇಲೆ ಬೆವರು ಮೂಡಿತು. ಯಾರಾದರೂ ಇದನ್ನು ಮುಗಿಸಿದರೆ ಸಾಕು ಎನ್ನುವ ಹಾಗಾಯಿತು ಎಲ್ಲರಿಗೂ.

"ಪರವಾಗಿಲ್ಲ, ಪರವಾಗಿಲ್ಲ," ಎಂದು ಮ್ಯಾನೇಜರ್ ನಗುತ್ತ ಮೈಕಿಗೆ ಕೈ ಚಾಚಿದರು. "ಅವರ ಮನಸ್ಸಲ್ಲಿರೋದು ನಮಗೆಲ್ಲ ಅರ್ಥ ಆಯ್ತು."

ಮಡಿಕೆಯಕ್ಕ ನಡುವೆ ಬಂದು ಆ ಕೈಯನ್ನು ಹಿಡಿದು ತಡೆದಳು.

"ಏನೂ ಅರ್ಥ ಆಗಿಲ್ಲ ನಿಮಗೆ. ಬಿಡಿ ಸಾರ್. ಈ ಮನುಷ್ಯ ಅಲ್ಲಿ ನೆಲದ ಮೇಲೆ ಬಿದ್ಕೊಂಡು, ಮೂರು ಬೀಗ ತೆಗೆಯೋವರೆಗೂ ಕಾದಿದ್ದಾರೆ. ಇಷ್ಟಕ್ಕೇ ನಿಮಗೆ ತಡೆಯೋಕೆ ಆಗ್ತಿಲ್ವಾ? ಇವರ ಒಂದು ಮಾತು ಬರೋವರೆಗೂ ಕಾಯಿರಿ. ಎಲ್ಲಾರೂ ಕಾಯಿರಿ."

ಯಾರೂ ಅಲುಗಾಡಲಿಲ್ಲ. ಗಂಡ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಇನ್ನೂ ಆ ಮಾತನ್ನು ಹುಡುಕುತ್ತಲೇ ಇದ್ದ.